ವೆಂಕಟರಾಮುವಿನ ನೂರಾ ಹನ್ನೆರಡು ಮೈಲಿ ಫ್ರಾನ್ಸ್

ವೆಂಕಟರಾಮು ಫ್ರಾನ್ಸ್ ದೇಶವನ್ನು ಆರಿಸಿಕೊಂಡಿದ್ದು ಅಲ್ಲಿ ಕರಡಿ ಇರಲಿಲ್ಲ ಎಂಬ ಒಂದೇ ಕಾರಣಕ್ಕೆ.

ಶಿಕಾಗೋ ಪಕ್ಕದ ಲೊಂಬಾರ್ಡಿನಲ್ಲಿ ಅವನಿದ್ದ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಒಂದು ಜಿಮ್ ಇತ್ತು. ಅಲ್ಲಿದ್ದ ಮೂರು ಟ್ರೆಡ್‌ಮಿಲ್‌ಗಳಲ್ಲಿ ಎರಡು ಕೆಟ್ಟು ಕೂತಿದ್ದವು. ಮೂರನೆಯದರ ಎದುರಿಗೆ ಬಾಗಿಲಿನಷ್ಟು ದೊಡ್ಡ ಪರದೆ. ಬಟನ್ ಒತ್ತಿದರೆ ಲೋಕದ ಯಾವುದೋ ಮೂಲೆಯ ಕಾಲುದಾರಿ ಕಣ್ಣೆದುರು ತೆರೆದುಕೊಂಡು, ನಾವು ಹೆಜ್ಜೆ ಹಾಕಿದಷ್ಟೂ ಹಿಂದಕ್ಕೆ ಸರಿಯುತ್ತಿತ್ತು. ಡಾಕ್ಟರು ಸಕ್ಕರೆ ಜಾಸ್ತಿಯಾಗಿದೆ, ದಿನಾ ನಡೆಯಿರಿ ಎಂದಿದ್ದರು. ಹೊರಗೆ ಜನವರಿ, ಮೈನಸ್ ಆರು ಫ್ಯಾರನ್‌ಹೀಟ್. ಹೀಗಾಗಿ ವೆಂಕಟರಾಮು ಮಂಕಿ ಟೋಪಿ ಹಾಕಿಕೊಂಡೇ ನೆಲಮಾಳಿಗೆಗೆ ಇಳಿದ.

ಮೊದಲು ಅಲಾಸ್ಕಾ ದಾರಿ ಹಿಡಿದ. ಹತ್ತನೇ ನಿಮಿಷಕ್ಕೆ ಪರದೆಯ ಮೇಲೆ ಕರಡಿಯೊಂದು ತಲೆಯೆತ್ತಿ ನೋಡಿತು. ವೆಂಕಟರಾಮು ಕೆಂಪು ಬಟನ್ ಒತ್ತಿ ಕೆಳಗೆ ಹಾರಿದ. ಮಾರನೇ ದಿನ ಮರುಭೂಮಿ, ಅಲ್ಲಿ ಹಾವು. ಕೊನೆಗೆ ಸಿಕ್ಕಿದ್ದು ಫ್ರಾನ್ಸಿನ ಹಳ್ಳಿಗಾಡು, ಲಾಟ್ ಎಂಬ ನದಿಯ ದಂಡೆ. ಒಂದು ಕಡೆ ಹಸಿರು ನೀರು, ಇನ್ನೊಂದು ಕಡೆ ಸುಣ್ಣದ ಕಲ್ಲಿನ ಬಂಡೆ, ಬಂಡೆಗೆ ಆತುಕೊಂಡು ಎಂಟುನೂರು ವರ್ಷದ ಊರುಗಳು. ಹೆಂಚಿನ ಮಾಡು, ಇಗರ್ಜಿಯ ಗಡಿಯಾರ, ಕಿಟಕಿಯಲ್ಲಿ ಕೆಂಪು ಹೂವಿನ ಕುಂಡ. ಊರಿನ ಹೆಸರು ಬರೆಯುವಾಗ ಒಂಬತ್ತು ಅಕ್ಷರ, ಯಂತ್ರ ಹೇಳುವಾಗ ಎರಡು. ಉಳಿದ ಏಳಕ್ಕೆ ವೀಸಾ ಸಿಗಲಿಲ್ಲವೋ ಏನೋ. ಭಯಪಡುವಂಥ ಪ್ರಾಣಿ ಅಂದರೆ ಬಾತುಕೋಳಿ ಮಾತ್ರ. ಅದನ್ನು ಕಂಡಾಗಲೂ ಅವನು ವೇಗವನ್ನು ಮೂರರಿಂದ ಎರಡಕ್ಕೆ ಇಳಿಸುತ್ತಿದ್ದನಂತೆ.

ಮಾರ್ಚ್ ಹೊತ್ತಿಗೆ ದಾರಿ ಮುಗಿಯಿತು. ನೂರಾ ಹನ್ನೆರಡು ಮೈಲಿ. ಹನ್ನೊಂದು ವರ್ಷದಲ್ಲಿ ಆಫೀಸು ಕೊಡದ ಹೈಕನ್ನು ಯಂತ್ರ ಕೊಟ್ಟಿತು. ಒಂದು ವಾರದ ಮೇಲೆ ಅಂಚೆಯಲ್ಲಿ ಹಿತ್ತಾಳೆಯ ಪದಕವೂ ಬಂತು: ನದಿ, ಸೇತುವೆ, ಕೋಟೆ, ನಡುವೆ ಅವನ ಹೆಸರು. ವೆಂಕಟರಾಮು ಅದರ ಫೋಟೋ ತೆಗೆದು ವಾಟ್ಸ್ಯಾಪ್ ಸ್ಟೇಟಸ್ಸಿಗೆ ಹಾಕಿ ಕೆಳಗೆ ನಾಲ್ಕೇ ಮಾತು ಬರೆದ: "ಫ್ರಾನ್ಸ್. ನೂರಾ ಹನ್ನೆರಡು ಮೈಲಿ."

ಇದರಲ್ಲಿ ಸುಳ್ಳೆಲ್ಲಿದೆ ಎಂದು ಅವನು ಹೆಂಡತಿ ಲತಾಶ್ರೀಯನ್ನು ಕೇಳಿದ. ಲತಾಶ್ರೀ ಸುಳ್ಳೂ ಇಲ್ಲ ನಿಜವೂ ಇಲ್ಲ, ಟ್ರೆಡ್‌ಮಿಲ್ ಅಂತ ಒಂದು ಪದ ಇಲ್ಲ ಅಷ್ಟೇ ಎಂದಳು.

ಆ ಒಂದು ಪದ ಇಲ್ಲದ್ದರಿಂದ ಆದದ್ದು ಇಷ್ಟು.

ಆ ಶನಿವಾರ ಹತ್ತಿರದ ಹಾಫ್‌ಮನ್ ಎಸ್ಟೇಟ್ಸಿನಲ್ಲಿ ಕನ್ನಡದವರ ಯುಗಾದಿ ಪಾಟ್‌ಲಕ್, ಮನೆಗೊಂದು ಅಡುಗೆ ತರುವ ಕೂಟ. ಹನ್ನೊಂದು ವರ್ಷ ಇಂಥ ಕೂಟಗಳಲ್ಲಿ ವೆಂಕಟರಾಮು ಶೂ ಬಿಡುವ ಜಾಗದ ಪಕ್ಕ ನಿಂತೇ ಊಟ ಮಾಡಿದವನು. ಅವತ್ತು ಒಳಗೆ ಕಾಲಿಟ್ಟ ಕೂಡಲೇ ಯಾರೋ ಕುರ್ಚಿ ಬಿಟ್ಟುಕೊಟ್ಟರು. ಇನ್ಯಾರೋ ಹೆಂಗಸು ಹೋಳಿಗೆಗೆ ತುಪ್ಪ ಬಡಿಸಿದರು. ಆ ಹೆಂಗಸಿನ ಸಕ್ಕರೆ ಕಾಯಿಲೆಯ ಗಂಡನಿಗೆ ತುಪ್ಪ ಸಿಗಲಿಲ್ಲ. ಎಲ್ಲರೂ ಫ್ರಾನ್ಸ್ ಹೇಗಿತ್ತು ಎಂದು ಕೇಳಿದರು. ಅವನು ಕಂಡದ್ದನ್ನು ಕಂಡ ಹಾಗೆ ಹೇಳಿದ. ನದಿ ತಿರುಗುವ ಕಡೆಯೆಲ್ಲ ಊರು ತಿರುಗುತ್ತೆ, ಸಂತೆ ಬೀದಿಯ ಕಲ್ಲು ಸವೆದು ಬಟ್ಟಲಿನ ಹಾಗಾಗಿದೆ, ಅಡಿಕೆ ಬಣ್ಣದ ಬೆಕ್ಕು ಬಾವಿ ಕಟ್ಟೆ ಮೇಲೆ ಮಲಗಿರುತ್ತೆ. ನಡೆ ನೆಲಮಾಳಿಗೆಯದು, ನುಡಿ ಮಾತ್ರ ಫ್ರಾನ್ಸಿನದು. ಮೂರು ತಿಂಗಳು ನೀವು ಇಲ್ಲೇ ಇದ್ದಿರಲ್ಲ ಎಂದು ಒಬ್ಬರೂ ಕೇಳಲಿಲ್ಲ. ಚಳಿಗಾಲದಲ್ಲಿ ಲೊಂಬಾರ್ಡಿನಲ್ಲಿ ಯಾರಿದ್ದಾರೆ, ಫ್ರಾನ್ಸಿನಲ್ಲಿ ಯಾರಿದ್ದಾರೆ ಎಂದು ಹೇಳುವುದು ಸುಲಭವಲ್ಲ, ಎಲ್ಲರೂ ಟೋಪಿಯೊಳಗೆ.

ಆಗ ಪಕ್ಕದ ಬಿಲ್ಡಿಂಗಿನ ನಿರಂಜನ್ ತಟ್ಟೆ ಹಿಡಿದು ಬಂದ. ಧಾರವಾಡದವನು, ಇನ್ನೂ ಮೂವತ್ತೆರಡು, ವರ್ಕ್ ವೀಸಾ. ಆರು ವರ್ಷದಿಂದ ಊರಿಗೆ ಹೋಗಿಲ್ಲ. ಪಾಸ್‌ಪೋರ್ಟಿನೊಳಗಿನ ವೀಸಾ ಮುದ್ರೆಯ ಅವಧಿ ಮುಗಿದಿತ್ತು. ದೇಶ ಬಿಟ್ಟು ಹೋದರೆ ಹೊಸ ಮುದ್ರೆ ಒತ್ತಿಸಿಕೊಂಡೇ ಒಳಗೆ ಬರಬೇಕು, ಅದಕ್ಕೆ ಹೊರದೇಶದಲ್ಲಿರುವ ಅಮೆರಿಕದ ಕಾನ್ಸುಲೇಟಿನಲ್ಲಿ ದಿನ ಸಿಗಬೇಕು, ಆ ದಿನ ಸಿಗುವುದು ದೇವರು ಕಣ್ಣು ಬಿಟ್ಟಾಗ. ನದಿ, ಬೆಕ್ಕು, ಇಗರ್ಜಿ ಯಾವುದೂ ಅವನ ಕಿವಿಗೆ ಬೀಳಲಿಲ್ಲ.

"ಅಲ್ರೀ ರಾಮಣ್ಣಾ, ನಿಮ್ದೂ ಸ್ಟ್ಯಾಂಪ್ ಎಕ್ಸ್‌ಪೈರ್ ಆಗಿತ್ತಲ್ಲ? ವಾಪಸ್ ಹೆಂಗ ಬಂದ್ರಿ? ಸ್ಟ್ಯಾಂಪಿಂಗ್ ಎಲ್ಲಿ ಮಾಡಿಸಿದ್ರಿ?"

ಕೋಣೆಯಲ್ಲಿ ಚಮಚದ ಸದ್ದು ನಿಂತಿತು. ನಲವತ್ತು ಜನ, ಅದರಲ್ಲಿ ಇಪ್ಪತ್ತೆಂಟು ಜನರ ಮುದ್ರೆ ಮುಗಿದಿತ್ತು. ಟ್ರೆಡ್‌ಮಿಲ್ ಎಂದು ಹೇಳಲು ವೆಂಕಟರಾಮುವಿಗೆ ಅದೇ ಸರಿಯಾದ ಸಮಯ. ಬಾಯಿ ತೆರೆದ. ಬಾಯಲ್ಲಿ ತುಪ್ಪವಿತ್ತು.

"ಪ್ಯಾರಿಸ್‌ನಲ್ಲೇ," ಎಂದ. "ಸುಲಭವಾಗಿ ಆಯ್ತು."

ಅದೇ ಸಂಜೆಯಿಂದ ಫೋನು ಶುರುವಾಯಿತು. ಪ್ಯಾರಿಸ್‌ನಲ್ಲಿ ಸ್ಲಾಟ್ ಎಷ್ಟು ದಿನಕ್ಕೆ ಸಿಗುತ್ತೆ, ಸಂದರ್ಶನದಲ್ಲಿ ಏನು ಕೇಳುತ್ತಾರೆ, ಕಿಟಕಿ ಎಷ್ಟನೇದು, ಗಂಡಸು ಕೂತಿರುತ್ತಾನೋ ಹೆಂಗಸೋ. ವೆಂಕಟರಾಮು ಪ್ರತಿಯೊಬ್ಬರಿಗೂ ಬೇರೆ ಬೇರೆ ಉತ್ತರ ಕೊಟ್ಟ. ಜನ ಅದನ್ನೆಲ್ಲ ಗ್ರೂಪಿನಲ್ಲಿ ಸೇರಿಸಿ, ಪ್ಯಾರಿಸ್‌ನಲ್ಲಿ ಮೂರು ಕಿಟಕಿ ಇವೆ, ನಡುವಿನ ಹೆಂಗಸು ಒಳ್ಳೆಯವಳು ಎಂದು ತೀರ್ಮಾನಿಸಿದರು.

ಇಷ್ಟರಲ್ಲಿ ಅವನ ಕಂಪನಿಯ ವಕೀಲೆಯಿಂದ ಒಂದು ಇಮೇಲ್. ಹನ್ನೊಂದು ವರ್ಷ ಕಾದು ವೆಂಕಟರಾಮುವಿನ ಗ್ರೀನ್ ಕಾರ್ಡ್ ಅರ್ಜಿ ಕೊನೆಯ ಹಂತಕ್ಕೆ ಬಂದಿತ್ತು. ಈ ಹಂತದಲ್ಲಿ ಪ್ರಯಾಣದ ಅನುಮತಿ ಪತ್ರ ಕೈಗೆ ಬರುವ ಮುಂಚೆ ದೇಶದ ಗಡಿ ದಾಟಿದರೆ ಅರ್ಜಿಯನ್ನು ತಾನೇ ಬಿಟ್ಟುಕೊಟ್ಟ ಹಾಗೆ ಎಂದು ಆಕೆ ಮೊದಲೇ ಎಚ್ಚರಿಸಿದ್ದರು. ಈಗ ಕೇಳಿದ್ದು ಒಂದೇ ಸಾಲು: ಅರ್ಜಿ ಹಾಕಿದ ಮೇಲೆ ನೀವು ದೇಶ ಬಿಟ್ಟು ಹೋಗಿಲ್ಲ ಎಂದು ಖಚಿತಪಡಿಸಿ. ವೆಂಕಟರಾಮು ಹೋಗಿಲ್ಲ ಎಂದು ಬರೆದು ಕಳಿಸಿದ. ಕಳಿಸಿದ ಮೇಲೆ ಲೆಕ್ಕ ಹಾಕಿದ. ನಲವತ್ತು ಜನರ ಮುಂದೆ ಹೋಗಿದ್ದೆ ಎಂದಿದ್ದಾನೆ. ಸರ್ಕಾರದ ಮುಂದೆ ಹೋಗಿಲ್ಲ ಎಂದಿದ್ದಾನೆ. ಎರಡರಲ್ಲಿ ನಿಜವಾದದ್ದು ಸರ್ಕಾರದ ಮುಂದಿನದೇ ಆದರೂ, ಸಾಕ್ಷಿಗಳೆಲ್ಲ ಹೋಳಿಗೆ ಕಡೆಯವರು.

ಆ ರಾತ್ರಿಯಿಂದ ಬಾಗಿಲು ಬಡಿದರೆ ಅವನು ಮೊದಲು ಅಡುಗೆಮನೆಗೆ ಹೋಗುವುದು, ಲತಾಶ್ರೀ ಬಾಗಿಲು ತೆರೆಯುವುದು ರೂಢಿಯಾಯಿತು. ಒಮ್ಮೆ ಪಾರ್ಸೆಲ್ ತಂದ ಸಮವಸ್ತ್ರದವನಿಗೆ, ಅವನು ಕೇಳದಿದ್ದರೂ, ಪಾಸ್‌ಪೋರ್ಟ್ ತೋರಿಸಿದ.

ಸ್ಟೇಟಸ್ ಹೇಗೂ ಒಂದೇ ದಿನಕ್ಕೆ ಅಳಿಸಿಹೋಗಿದೆ, ಎಲ್ಲ ಸರಿಹೋಗುತ್ತದೆ ಎಂದುಕೊಂಡ. ಅಳಿಸಿಹೋಗುವ ಮುಂಚೆಯೇ ಅದು ಡೆಟ್ರಾಯಿಟ್ ಕಡೆಗೆ ತಲುಪಿತ್ತು. ಅಲ್ಲಿನ ರಾಚೆಸ್ಟರ್ ಹಿಲ್ಸಿನಲ್ಲಿ ಲತಾಶ್ರೀಯ ಅಣ್ಣ ಶೇಷಾದ್ರಿ ಇದ್ದರು. ಕಾರಿನ ಬಿಡಿಭಾಗದ ಕಂಪನಿಯಲ್ಲಿ ದುಡಿದು ನಿವೃತ್ತರಾದವರು, ಇಪ್ಪತ್ತು ವರ್ಷದ ಹಿಂದೆಯೇ ಪೌರತ್ವ ಪಡೆದವರು, ಅಲ್ಲಿನ ಕನ್ನಡ ಕೂಟದ ಕಾರ್ಯದರ್ಶಿ. ಗಂಟಲು ಸರಿಮಾಡಿಕೊಂಡೇ ಮಾತಾಡುವ ಅಭ್ಯಾಸ. ಫೋನಿನಲ್ಲಿ ಮೊದಲು ಕೆಮ್ಮು ಬಂತು, ಆಮೇಲೆ ಮಾತು. ಮೇ ತಿಂಗಳ ಎರಡನೇ ಶನಿವಾರ, ಅವರ ಬಡಾವಣೆಯ ಕ್ಲಬ್‌ಹೌಸ್, ಮಧ್ಯಾಹ್ನ ಎರಡಕ್ಕೆ, ವೆಂಕಟರಾಮುವಿನ ಸ್ಲೈಡ್ ಶೋ, ಆಮೇಲೆ ಕಾಫಿ. ಕರಪತ್ರ ಅಚ್ಚಾಗಿದೆ.

"ಭಾವ, ಅದು ಅಂಥ ದೊಡ್ಡ ವಿಷಯ ಅಲ್ಲ," ಎಂದ ವೆಂಕಟರಾಮು.

"ಏನ್ರೀ ರಾಮು, ನಮ್ಮ ಮನೆ ಅಳಿಯ ಅಂದ್ರೆ ಇಪ್ಪತ್ತು ವರ್ಷದಿಂದ ಎಲ್ಲರಿಗೂ ನಾನು ಏನು ಹೇಳ್ತಿದ್ದೆ ಗೊತ್ತಾ? ಒಳ್ಳೆಯವರು ಅಂತ ಹೇಳ್ತಿದ್ದೆ. ಹೇಳೋಕೆ ಬೇರೆ ಏನೂ ಇರ್ಲಿಲ್ಲ. ಈಗ ಸಿಕ್ಕಿದೆ."

ಕರಪತ್ರ ಫೋನಿಗೆ ಬಂತು. ಮೇಲೆ ಕನ್ನಡ, ಕೆಳಗೆ ಯಾರಿಗೂ ತಪ್ಪಿಹೋಗದ ಹಾಗೆ ದಪ್ಪ ಇಂಗ್ಲಿಷು: ಈ ವರ್ಷ ಫ್ರಾನ್ಸಿನ ನದಿದಾರಿಯಲ್ಲಿ ನೂರಾ ಹನ್ನೆರಡು ಮೈಲಿ ನಡೆದು ಬಂದ ಶ್ರೀ ವೆಂಕಟರಾಮು. ಅದರ ಮೇಲೆ ಅವನ ಭಾವಚಿತ್ರ. ಪೊಲೀಸರು ತಾವು ಹುಡುಕುತ್ತಿರುವವರ ಚಿತ್ರ ಹಾಕುವುದೂ ಹೀಗೇ ಎಂದು ಅವನಿಗೆ ಅನ್ನಿಸಿತು.

ಲತಾಶ್ರೀ ಈಗಲಾದರೂ ಅಣ್ಣನಿಗೆ ಹೇಳಿಬಿಡಿ ಎಂದಳು. ಅವನು ನೀನೇ ಹೇಳು ಎಂದ. ಅವಳು ನಿಮ್ಮ ಫ್ರಾನ್ಸು, ನೀವೇ ನೋಡಿಕೊಳ್ಳಿ ಎಂದಳು. ಹತ್ತು ವರ್ಷದ ಮಗಳು ತಾನ್ಯಾ ತಲೆಯೆತ್ತದೆ, "ಡ್ಯಾಡ್, ಇಟ್ಸ್ ನಾಟ್ ಎ ಲೈ ಅಂಟಿಲ್ ದೇರ್ ಆರ್ ಸ್ಲೈಡ್ಸ್," ಎಂದಳು. ಅಷ್ಟು ಹೊತ್ತಿಗೆ ಮೂವತ್ತೊಂದು ಸ್ಲೈಡ್ ತಯಾರಾಗಿದ್ದವು.

ಹೊರಡುವ ಹಿಂದಿನ ದಿನ ಭಾವ ಕಳಿಸಿದ ಸ್ಲೈಡ್ ನೋಡಿ ಫೋನಿನಲ್ಲಿ ಮತ್ತೆ ಕೆಮ್ಮಿದರು. ನದಿ ಇದೆ, ಊರಿದೆ, ಬೆಕ್ಕಿದೆ; ನೀವೆಲ್ಲಿ? ನಡೆದವನ ಮುಖ ಒಂದರಲ್ಲಾದರೂ ಬೇಕಲ್ಲ.

ಮುಖಕ್ಕೆ ನದಿ ಬೇಕಿತ್ತು. ದಾರಿಯಲ್ಲಿ ಇದ್ದದ್ದು ಡೆಟ್ರಾಯಿಟ್ ನದಿ.

ಹೀಗೆ ಶನಿವಾರ ಬೆಳಗಿನ ಜಾವ ಲೊಂಬಾರ್ಡಿನಿಂದ ಕಾರು ಹೊರಟಿತು. ಮುಂದೆ ವೆಂಕಟರಾಮು ಮತ್ತು ಲತಾಶ್ರೀ, ಹಿಂದೆ ತಾನ್ಯಾ ಮತ್ತು ನಿರಂಜನ್. ನಿರಂಜನ್ ಬಂದದ್ದು ಪ್ಯಾರಿಸ್ ಕಿಟಕಿಗಳ ಬಗ್ಗೆ ಇನ್ನೂ ಹದಿನಾಲ್ಕು ಪ್ರಶ್ನೆ ಬಾಕಿ ಇದ್ದವು ಎಂದು. ನವೆಂಬರಿನಲ್ಲಿ ಅವನ ತಂಗಿಯ ಮದುವೆ. ಊರಿಗೆ ಹೋಗಿ ಬರುವಾಗ ಪ್ಯಾರಿಸ್‌ನಲ್ಲಿ ಇಳಿದು ಮುದ್ರೆ ಒತ್ತಿಸಿಕೊಂಡು ಬರುತ್ತೇನೆ ಎಂದು ಮನೆಯವರಿಗೆ ಮಾತು ಕೊಟ್ಟಿದ್ದ. ಇಂಡಿಯಾನಾ ದಾಟುವವರೆಗೆ ಪ್ರಶ್ನೆ ಕೇಳಿದ. ಮಿಷಿಗನ್ನಿನಲ್ಲಿ ವೆಂಕಟರಾಮು ನಿದ್ದೆ ಬಂದ ಹಾಗೆ ಮಾಡಿದ. ಡ್ರೈವ್ ಮಾಡುತ್ತಿದ್ದವನು ಅವನೇ ಆದ್ದರಿಂದ ಲತಾಶ್ರೀ ತಿವಿದಳು.

ನದಿಯ ದಂಡೆಯಲ್ಲಿ ಕಾರು ನಿಲ್ಲಿಸಿದರು. ಫ್ರಾನ್ಸ್ ನದಿಯನ್ನು ಇದಕ್ಕೆ ಹೋಲಿಸಿ ತೋರಿಸಲು ಒಂದು ಸ್ಲೈಡ್ ಬೇಕು ಎಂದು ನಿರಂಜನನಿಗೆ ಹೇಳಿ, ವೆಂಕಟರಾಮು ಬೆನ್ನಿಗೆ ಚೀಲ, ಎರಡು ಕೈಯಲ್ಲಿ ನಡಿಗೆ ಕೋಲು ಹಿಡಿದು ನಿಂತ. ಆಚೆ ದಡ ಕೆನಡಾ. ಅವನು ಕಂಬಿಯಿಂದ ನಾಲ್ಕು ಅಡಿ ಈಚೆಗೇ ನಿಂತಿದ್ದ; ಗಾಳಿಗೆ ಚೀಲದ ಪಟ್ಟಿ ಆಚೆ ಹಾರಿದರೂ ಗಡಿ ದಾಟಿದ ಹಾಗೆ ಆದೀತು ಎಂಬ ಎಚ್ಚರಿಕೆ. ನಿರಂಜನ್ ಭಕ್ತಿಯಿಂದ ಹನ್ನೊಂದು ಫೋಟೋ ತೆಗೆದ. ಹನ್ನೊಂದರಲ್ಲೂ ನಡೆದವನ ಮುಖದಲ್ಲಿ ಬ್ಯಾಂಕ್ ದರೋಡೆ ಮಾಡಲು ಬಂದವನ ಕಳೆ.

ಅಲ್ಲಿಂದ ರಾಚೆಸ್ಟರ್ ಹಿಲ್ಸಿಗೆ ಅರ್ಧ ಗಂಟೆಯ ದಾರಿ. ಹೈವೇ ಹತ್ತುವ ಕಡೆ ಕಾಮಗಾರಿ, ದಾರಿ ತಡೆಯಲು ಇಟ್ಟ ಕಿತ್ತಳೆ ಬಣ್ಣದ ಡಬ್ಬಗಳ ಸಾಲು. ಫೋನಿನಲ್ಲಿ ದಾರಿ ಹೇಳುವ ಹೆಂಗಸು ಎಡಕ್ಕೆ ಎಂದಳು, ಲತಾಶ್ರೀ ಬಲಕ್ಕೆ ಎಂದಳು. ವೆಂಕಟರಾಮು ಇಬ್ಬರು ಹೆಂಗಸರ ಮಾತನ್ನೂ ಮೀರಲಾರದೆ ನಡುವಿನ ಲೇನಿನಲ್ಲಿ ಹೋದ. ನಡುವಿನ ಲೇನು ಒಂದು ಸುತ್ತು ಸುತ್ತಿ ಮೇಲೆದ್ದಿತು. ಎಡಕ್ಕೆ ಲಾರಿ, ಬಲಕ್ಕೆ ಲಾರಿ, ಎರಡರ ಮೇಲೂ ಮೇಪಲ್ ಎಲೆಯ ಚಿತ್ರ.

"ಡ್ಯಾಡ್," ಎಂದಳು ತಾನ್ಯಾ. "ದಟ್ ಸೈನ್ ಸೆಡ್ ಕೆನಡಾ."

ಮುಂದಿನ ಬೋರ್ಡು ಸಂಶಯಕ್ಕೆ ಎಡೆಯಿಲ್ಲದಂತೆ ಹೇಳುತ್ತಿತ್ತು: ಕೆನಡಾ ಸೇತುವೆ. ಅಮೆರಿಕಕ್ಕೆ ಮರಳುವ ದಾರಿ ಇಲ್ಲ.

ವೆಂಕಟರಾಮು ಬ್ರೇಕ್ ಒತ್ತಿದ. ಹಿಂದಿನ ಲಾರಿ ಹಾರನ್ ಒತ್ತಿತು. ಕಾರು ಮತ್ತೆ ಚಲಿಸಿತು. ಅವನ ಎರಡೂ ಕಾಲು ನಡುಗುತ್ತಿದ್ದವು. ಒಂದು ನಡುಗಿದಾಗ ಕಾರು ಓಡಿತು, ಇನ್ನೊಂದು ನಡುಗಿದಾಗ ನಿಂತಿತು. ಲತಾಶ್ರೀ ಕಣ್ಣು ಮುಚ್ಚಿ ಚಾಮುಂಡೇಶ್ವರಿಗೆ ಹರಕೆ ಹೊತ್ತಳು, ಆಮೇಲೆ ಹರಕೆ ತೀರಿಸಲು ಮೈಸೂರಿಗೆ ಹೋಗಬೇಕಾಗುತ್ತದೆ, ಅದಕ್ಕೂ ಮುದ್ರೆ ಬೇಕು ಎಂದು ನೆನಪಾಗಿ, ಹರಕೆಯನ್ನು ಊರಲ್ಲಿರುವ ಅಮ್ಮನ ಹೆಸರಿಗೆ ವರ್ಗಾಯಿಸಿದಳು. ಹಿಂದಿನ ಸೀಟಿನಲ್ಲಿ ಹದಿನಾಲ್ಕು ಪ್ರಶ್ನೆಗಳ ನಿರಂಜನ್ ಪಾಸ್‌ಪೋರ್ಟನ್ನು ಎದೆಗೆ ಅವಚಿಕೊಂಡು ಸೀಟಿನ ಕೆಳಗೆ ಅರ್ಧ ಜಾರಿದ್ದ.

"ರಾಮಣ್ಣಾ," ಎಂದ ಕೆಳಗಿನಿಂದ, "ನಾ ಇಲ್ಲೇ ಇಳೀತೀನ್ರಿ. ನಡಕೋತ ಹೋಗ್ತೀನಿ."

"ಸುಮ್ಮನೆ ಕೂತ್ಕೊಳಪ್ಪಾ. ಇದು ಸೇತುವೆ."

ಇನ್ನೂ ಸೇತುವೆ ಬಂದಿರಲಿಲ್ಲ. ಮೊದಲು ಟೋಲ್ ಗೂಡು ಬಂತು. ಅದರೊಳಗೆ ದೊಡ್ಡ ಓಲೆ ಹಾಕಿದ್ದ ಅಜ್ಜಿಯಂಥ ಹೆಂಗಸು. ವೆಂಕಟರಾಮು ಕಿಟಕಿ ಇಳಿಸಿ ಎರಡೂ ಕೈ ಮೇಲೆತ್ತಿದ. ತಮಗೆ ಕೆನಡಾ ಬೇಡ, ಕೆನಡಾದ ಮೇಲೆ ಯಾವ ಆಸೆಯೂ ಇಲ್ಲ, ಹಿಂದೆಯೂ ಇರಲಿಲ್ಲ ಎಂದು ಒಂದೇ ಉಸಿರಿಗೆ ಹೇಳಿದ. ಆಕೆ ರಾಗವಾಗಿ, "ಹನೀ, ಹ್ಯಾಪನ್ಸ್ ಎವ್ರಿ ಡೇ," ಎಂದು ಒಂದು ಕಿತ್ತಳೆ ಡಬ್ಬ ಸರಿಸಿ ಪಕ್ಕದ ದಾರಿ ತೋರಿಸಿದಳು. ಅಲ್ಲಿ ಹೋಗಿ ಅಧಿಕಾರಿಗೆ ಕಾಗದ ತೋರಿಸಿ, ಅವರು ಬಿಡುತ್ತಾರೆ ಎಂದಳು. ದಿನವೂ ಆಗುತ್ತದೆ ಎಂಬ ಮಾತು ವೆಂಕಟರಾಮುವಿಗೆ ಸಮಾಧಾನ ತರಲಿಲ್ಲ. ಜಗತ್ತಿನಲ್ಲಿ ದಿನವೂ ಆಗುವ ಬಹಳ ವಿಷಯಗಳು ಆದವನಿಗೆ ಒಮ್ಮೆಯೇ ಆಗುತ್ತವೆ.

ಅಮೆರಿಕದ ಗಡಿ ಅಧಿಕಾರಿ ಎತ್ತರದ ಮನುಷ್ಯ, ಕಪ್ಪು ಕನ್ನಡಕ, ಸೊಂಟದಲ್ಲಿ ಪಿಸ್ತೂಲು. ನಾಲ್ಕು ಪಾಸ್‌ಪೋರ್ಟ್ ತೆಗೆದುಕೊಂಡ. ತಾನ್ಯಾಳದ್ದು ಅಮೆರಿಕದ್ದು. ಅದನ್ನು ನೋಡಿದ ಕೂಡಲೇ ಹಿಂದಿರುಗಿಸಿದ. ಉಳಿದ ಮೂರನ್ನು ನಿಧಾನವಾಗಿ ಮಗುಚಿದ. ಆಮೇಲೆ ಕಾರಿನೊಳಗೆ ಬಗ್ಗಿದ. ಹಿಂದೆ ಬೆನ್ನುಚೀಲ. ನಡಿಗೆ ಕೋಲು. ಡ್ಯಾಶ್‌ಬೋರ್ಡಿನ ಮೇಲೆ, ಕ್ಲಬ್‌ಹೌಸಿನ ವಿಳಾಸ ಸುಲಭವಾಗಿ ಕಾಣಲಿ ಎಂದು ಲತಾಶ್ರೀ ಪ್ರಿಂಟ್ ತೆಗೆದು ಅಂಟಿಸಿದ್ದ ಕರಪತ್ರ.

ಅವನು ಕರಪತ್ರ ಓದಿದ. ಭಾವಚಿತ್ರ ನೋಡಿದ. ವೆಂಕಟರಾಮುವನ್ನು ನೋಡಿದ.

"ಮಿಸ್ಟರ್ ವೆಂಕಾಟಾ-ರಾಮೂ. ವೆನ್ ಡಿಡ್ ಯೂ ರಿಟರ್ನ್ ಫ್ರಮ್ ಫ್ರಾನ್ಸ್?"

ಹೋಗಿದ್ದೆ ಎಂದರೆ ಹನ್ನೊಂದು ವರ್ಷದ ಅರ್ಜಿ ಈ ಗೂಡಿನಲ್ಲೇ ಮುಗಿಯುತ್ತದೆ. ಹೋಗಿಲ್ಲ ಎಂದರೆ ನಿರಂಜನ್ ಕೇಳಿಸಿಕೊಳ್ಳುತ್ತಾನೆ; ನಿರಂಜನ್ ಕೇಳಿಸಿಕೊಂಡರೆ ಶಿಕಾಗೋ ಕೇಳಿಸಿಕೊಂಡ ಹಾಗೆ. ವೆಂಕಟರಾಮು ಎರಡರ ನಡುವೆ ಒಂದು ಲೇನು ಹುಡುಕುತ್ತಿದ್ದಾಗ, ಸೀಟಿನ ಕೆಳಗಿಂದ ನಿರಂಜನನ ತಲೆ ಮೇಲೆದ್ದಿತು. ನೆರೆಯವನಿಗೆ ಕಷ್ಟಕಾಲದಲ್ಲಿ ನೆರವಾಗಬೇಕು ಎಂಬ ಧಾರವಾಡದ ಗುಣ ಭಯವನ್ನೂ ಮೀರಿ ಹೊರಬಂತು.

"ಸರ್, ಹಿ ಈಸ್ ಪರ್‌ಫೆಕ್ಟ್‌ಲಿ ಲೀಗಲ್ ಸರ್. ಹಿ ಗಾಟ್ ಸ್ಟ್ಯಾಂಪಿಂಗ್ ಇನ್ ಪ್ಯಾರಿಸ್."

ಅಧಿಕಾರಿ ಪಾಸ್‌ಪೋರ್ಟನ್ನು ಮತ್ತೆ ಮೊದಲಿನಿಂದ ಮಗುಚಿದ. ಪ್ಯಾರಿಸ್ ಇರಲಿಲ್ಲ. ಕನ್ನಡಕ ತೆಗೆದ. ಕಾರನ್ನು ಪಕ್ಕಕ್ಕೆ ಹಾಕಿ ಎಂದ.

ಅಧಿಕಾರಿ ಮತ್ತೆ ಬಂದಾಗ ವೆಂಕಟರಾಮು ಎಲ್ಲವನ್ನೂ ಹೇಳಿಬಿಟ್ಟ. ಸಕ್ಕರೆ, ನೆಲಮಾಳಿಗೆ, ಕರಡಿ, ಪದಕ, ತುಪ್ಪ. ತಾನು ಫ್ರಾನ್ಸಿಗೆ ಹೋಗಿಲ್ಲ, ಪ್ಯಾರಿಸ್‌ನಲ್ಲಿ ಕಿಟಕಿ ಇವೆಯೋ ಇಲ್ಲವೋ ತನಗೆ ಗೊತ್ತಿಲ್ಲ. ಇಂಗ್ಲಿಷಿನಲ್ಲಿ ಶುರು ಮಾಡಿದವನು ನಡುವೆ ಎಲ್ಲೋ ಕನ್ನಡಕ್ಕೆ ಇಳಿದಿದ್ದ. ಅಧಿಕಾರಿ ತಡೆಯಲಿಲ್ಲ. ತಾನ್ಯಾ ಅಪ್ಪನ ಫೋನು ತೆಗೆದು ಟ್ರೆಡ್‌ಮಿಲ್ಲಿನ ಆ್ಯಪ್ ತೆರೆದು ಕೊಟ್ಟಳು. ಅರವತ್ತನಾಲ್ಕು ದಿನದ ನಡಿಗೆ, ಪ್ರತಿ ದಿನದ ಎದುರಿಗೂ ತಾರೀಕು, ಗಂಟೆ, ಊರು: ಲೊಂಬಾರ್ಡ್, ಇಲಿನಾಯ್. ಅಧಿಕಾರಿ ಕೆಳಗಿನವರೆಗೆ ಸರಿಸಿ ನೋಡಿದ. ಪೂರ್ತಿ ನೂರಾ ಹನ್ನೆರಡನ್ನೂ ನೆಲಮಾಳಿಗೆಯಲ್ಲೇ ನಡೆದಿರಾ ಎಂದು ಕೇಳಿದ. ಕೊನೆಯ ಎರಡು ಮೈಲಿ ಕಂಬಿ ಹಿಡಿದುಕೊಂಡಿದ್ದೆ ಎಂದು ವೆಂಕಟರಾಮು ಅದನ್ನೂ ಒಪ್ಪಿಕೊಂಡ.

ಅಧಿಕಾರಿ ಒಳಗೆ ಹೋಗಿ ಕಂಪ್ಯೂಟರಿನಲ್ಲಿ ಏನೋ ನೋಡಿ ಹದಿನೇಳು ನಿಮಿಷದ ಮೇಲೆ ಬಂದ. ಪಾಸ್‌ಪೋರ್ಟುಗಳನ್ನು ಕೈಗಿಟ್ಟು, ನಗದೆ, ಸರ್ಕಾರದ ದನಿಯಲ್ಲೇ ಹೇಳಿದ:

"ಸರ್, ಆ್ಯಸ್ ಫಾರ್ ಆ್ಯಸ್ ದಿ ಯುನೈಟೆಡ್ ಸ್ಟೇಟ್ಸ್ ಈಸ್ ಕನ್ಸರ್ನ್ಡ್, ಯೂ ಹ್ಯಾವ್ ನೆವರ್ ಗಾನ್ ಎನಿವೇರ್."

ವೆಂಕಟರಾಮು ಅವನಿಗೆ ಕೈ ಮುಗಿದ. ಬಾಳಿನಲ್ಲಿ ಯಾರೂ ಅವನಿಗೆ ಇಷ್ಟು ಒಳ್ಳೆಯ ಮಾತು ಆಡಿರಲಿಲ್ಲ.

ಕಾರು ಮತ್ತೆ ಹೈವೇ ಸೇರಿತು. ಮೂರು ಎಕ್ಸಿಟ್ ದಾಟಿದ ಮೇಲೆ ನಿರಂಜನ್ ಹಿಂದಿನಿಂದ ತಗ್ಗಿದ ದನಿಯಲ್ಲಿ ಕೇಳಿದ.

"ಅಂದ್ರ ನಡುವಿನ ಕಿಟಕಿ ಹೆಣ್ಮಗಳು ಇಲ್ರೀ?"

"ಇಲ್ಲಪ್ಪಾ."

"ನಾ ಮನ್ಯಾಗ ಹೇಳೀನ್ರಿ ಬರ್ತೀನಂತ."

ವೆಂಕಟರಾಮು ಕನ್ನಡಿಯಲ್ಲಿ ಅವನ ಮುಖ ನೋಡಲು ಹೋಗಲಿಲ್ಲ. ತಪ್ಪಾಯ್ತು ಎಂದ. ಇವತ್ತೇ ಎಲ್ಲರ ಮುಂದೆ ಹೇಳಿಬಿಡುತ್ತೇನೆ, ಇನ್ನೊಬ್ಬ ಈ ಪ್ಯಾರಿಸ್ ನಂಬಿಕೊಂಡು ಹೊರಡಬಾರದು ಎಂದ. ಲತಾಶ್ರೀ ಆ ದಿನ ಮೊದಲ ಬಾರಿಗೆ ಬಾಟಲಿಯ ಮುಚ್ಚಳ ತೆಗೆದು ಗಂಡನಿಗೆ ನೀರು ಕೊಟ್ಟಳು.

ಕ್ಲಬ್‌ಹೌಸಿನಲ್ಲಿ ಎಪ್ಪತ್ತು ಜನ ಕಾದಿದ್ದರು. ಶೇಷಾದ್ರಿ ಭಾವ ರೇಷ್ಮೆ ಜುಬ್ಬಾ ಹಾಕಿ ಬಾಗಿಲಲ್ಲೇ ನಿಂತಿದ್ದರು. ಒಂದು ಗಂಟೆ ತಡ ಆದದ್ದಕ್ಕೆ, ದೂರದ ನಡಿಗೆಯವರಿಗೆ ಗಂಟೆಯ ಲೆಕ್ಕ ಇರುವುದಿಲ್ಲ ಎಂದು ಮೈಕಿನಲ್ಲಿ ಸಮರ್ಥಿಸಿದರು. ಪರದೆಯ ಮೇಲೆ ಮೊದಲ ಸ್ಲೈಡ್ ಬಂತು: ನದಿ, ಬಂಡೆ, ಊರು. ವೆಂಕಟರಾಮು ಅದಕ್ಕೆ ಬೆನ್ನು ಮಾಡಿ ಮೈಕು ಹಿಡಿದ.

"ನಾನು ಫ್ರಾನ್ಸಿಗೆ ಹೋಗಿಲ್ಲ," ಎಂದ. "ನೆಲಮಾಳಿಗೆಯಲ್ಲಿ ಯಂತ್ರದ ಮೇಲೆ ನಡೆದೆ. ಪ್ಯಾರಿಸ್‌ನಲ್ಲಿ ಸ್ಟ್ಯಾಂಪಿಂಗ್ ಆಯ್ತು ಅಂದದ್ದು ಸುಳ್ಳು. ಯಾರೂ ಅದನ್ನ ನಂಬಿ ಟಿಕೆಟ್ ಬುಕ್ ಮಾಡ್ಬೇಡಿ. ಇದನ್ನ ಮನೆಯಲ್ಲೇ ಕೂತು ಹೇಳ್ಬೇಕಿತ್ತು. ಇವತ್ತು ದಾರಿ ತಪ್ಪಿ ಕೆನಡಾ ಸೇತುವೆಗೆ ಹೋಗಿಬಿಟ್ಟಿದ್ವಿ, ಅಲ್ಲಿ ಬುದ್ಧಿ ಬಂತು."

ಭಾವನ ಕೆಮ್ಮು ಗಂಟಲಲ್ಲೇ ನಿಂತಿತು. ವೆಂಕಟರಾಮು ಬೈಗುಳಕ್ಕೆ ತಲೆ ಒಡ್ಡಿ ನಿಂತ. ಹಿಂದಿನ ಸಾಲಿನಿಂದ ಒಬ್ಬ ಯುವಕ ಎದ್ದ. ಹೆಸರು ಸುಶಾಂತ, ಮುದ್ರೆ ಮುಗಿದು ನಾಲ್ಕು ವರ್ಷ.

"ಅಂಕಲ್," ಎಂದ. "ಸೇತುವೆ ಅಂದ್ರಲ್ಲ. ಯಾವ ಎಕ್ಸಿಟ್?"

ಅಲ್ಲಿಂದ ಮುಂದೆ ಫ್ರಾನ್ಸನ್ನು ಯಾರೂ ಕೇಳಲಿಲ್ಲ. ಎಡ ಲೇನೋ ಬಲ ಲೇನೋ, ಬೋರ್ಡು ಎಷ್ಟು ದೂರಕ್ಕೆ ಕಾಣುತ್ತದೆ, ಟೋಲಿಗೆ ಮುಂಚೆ ತಿರುಗಲು ಜಾಗ ಇದೆಯೋ, ಅಧಿಕಾರಿ ಮೊದಲು ಏನು ಕೇಳಿದ. ಎರಡು ಗಂಟೆ ಪ್ರಶ್ನೆ. ನಿರಂಜನ್ ವೈಟ್‌ಬೋರ್ಡಿನ ಮೇಲೆ ಕಿತ್ತಳೆ ಡಬ್ಬಗಳನ್ನು ಒಂದೊಂದಾಗಿ ಬಿಡಿಸಿದ. ಜನ ಫೋಟೋ ತೆಗೆದುಕೊಂಡರು. ಇಬ್ಬರು ಹೆಂಗಸರು ಮಕ್ಕಳನ್ನು ಹೊರಗೆ ಕಳಿಸಿದರು, ಕೇಳಿ ಹೆದರಿಕೊಂಡಾರೆಂದು. ಮೂವತ್ತೊಂದು ಸ್ಲೈಡಿನಲ್ಲಿ ಮೂವತ್ತು ತೆರೆಯಲೇ ಇಲ್ಲ. ಕಾಫಿ ಆರಿಹೋಯಿತು.

ಐದೂವರೆಗೆ, ಸ್ಲೈಡ್ ಶೋ ನೋಡಲೆಂದು ಶಿಕಾಗೋ ಕಡೆಯಿಂದ ಬಂದಿದ್ದ, ವೆಂಕಟರಾಮುವಿನದೂ ಸೇರಿ, ಐದು ಕಾರುಗಳು ಪಾರ್ಕಿಂಗ್ ಲಾಟಿನಲ್ಲಿ ಎಂಜಿನ್ ಹಾಕಿಕೊಂಡು ನಿಂತವು. ಒಂದೂ ಮುಂದೆ ಹೋಗಲಿಲ್ಲ. ಮೊದಲ ಕಾರು ಯಾರದಾಗಬೇಕು ಎಂದು ಚರ್ಚೆಯಾಗಿ, ಪೌರತ್ವ ಇರುವವರು ದಾರಿ ತಪ್ಪಿದರೂ ವಾಪಸ್ಸು ಬರಬಹುದು ಎಂಬ ನ್ಯಾಯವಾದ ನಿರ್ಣಯವಾಯಿತು. ರೇಷ್ಮೆ ಜುಬ್ಬಾ, ಮನೆ ಚಪ್ಪಲಿಯಲ್ಲಿದ್ದ ಶೇಷಾದ್ರಿ ಭಾವನನ್ನು ಅವರ ಕಾರಿನಲ್ಲಿ ಕೂರಿಸಿದರು. ಅವರು ಮುಂದೆ, ಹಿಂದೆ ಐದು ಕಾರು, ನಲವತ್ತೈದರ ವೇಗ, ಎಲ್ಲರ ಇಂಡಿಕೇಟರ್ ಮಿಟುಕುತ್ತಾ.

ನಲವತ್ತು ಮೈಲಿ ಆದ ಮೇಲೆ ರಸ್ತೆಯ ಮೇಲೆ ದೊಡ್ಡ ಹಸಿರು ಬೋರ್ಡು ಬಂತು: ಪಶ್ಚಿಮ, ಶಿಕಾಗೋ. ಭಾವ ಬದಿಗೆ ಕಾರು ಹಾಕಿ ಫೋನು ಮಾಡಿದರು.

"ರಾಮು, ಶಿಕಾಗೋ ಅಂತ ಇಷ್ಟು ದೊಡ್ಡದಾಗಿ ಬರೆದಿದೆ. ಇನ್ನು ನಾನು ಮನೆಗೆ ಹೋಗ್ಲಾ?"

ವೆಂಕಟರಾಮು ಹಿಂದಿನ ನಾಲ್ಕು ಕಾರುಗಳನ್ನೂ ಫೋನಿಗೆ ಸೇರಿಸಿಕೊಂಡು ವಿಚಾರಿಸಿದ.

"ಇನ್ನೊಂದು ಬೋರ್ಡ್ ಬರ್ಲಿ ಭಾವ," ಎಂದ.